ನೀಲವ್ವನ ಮೈಕು

೧೯೪೬ರಲ್ಲಿ ನಾನು ಹಾನಗಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಧಾರವಾಡದಲ್ಲಿ ಫಿಜಿಕ್ಸ್ ಓದಿ ಬಂದು ಎರಡು ವರ್ಷವಾಗಿತ್ತು. ಯುದ್ಧ ಮುಗಿದು, ಸೈನ್ಯದವರು ಮಾರಿದ ರೇಡಿಯೋ ಸಾಮಾನು ಹುಬ್ಬಳ್ಳಿಯಲ್ಲಿ ಸಿಗುತ್ತಿತ್ತು. ಬೇಸಿಗೆ ರಜೆಯಲ್ಲಿ ಅದನ್ನು ತಂದು, ಒಂದು ಮಾಸಪತ್ರಿಕೆಯ ನಕ್ಷೆ ನೋಡಿಕೊಂಡು, ಮೋಟಾರಿನ ಬ್ಯಾಟರಿಯಿಂದ ನಡೆಯುವ ವಾಲ್ವ್ ಆಂಪ್ಲಿಫಾಯರ್ ಕಟ್ಟಿದೆ. ಎರಡು ಮೈಕು, ಎರಡಕ್ಕೂ ಬೇರೆಬೇರೆ ವಾಲ್ಯೂಮ್ ಗುಂಡಿ, ಹೊರಗೆ ಒಂದೇ ಹಾರ್ನ್.

ತಿಳವಳ್ಳಿಯ ಕಡೆಯ ಒಂದು ಮಠದವರು ಶ್ರಾವಣದ ಪುರಾಣಕ್ಕೆ ಅದನ್ನು ಕೇಳಿದರು. ದಿನಾ ಸಂಜೆ ಶಾಸ್ತ್ರಿಗಳು ಪುರಾಣ ಹೇಳುವುದು, ನಡುನಡುವೆ ನೀಲವ್ವ ವಚನ ಹಾಡುವುದು ಅಲ್ಲಿಯ ಕ್ರಮ. ನೀಲವ್ವನಿಗೆ ನಲವತ್ತೈದರ ಆಸುಪಾಸು. ಹದಿನೆಂಟು ಶ್ರಾವಣ ಅದೇ ಕಟ್ಟೆಯ ಮೇಲೆ ಕೂತು ಹಾಡಿದವಳು. ವಿಧವೆಯಾದ ಮೇಲೆ ಊರಿನಲ್ಲಿ ಅವಳಿಗೆ ಉಳಿದಿದ್ದ ಜಾಗವೆಂದರೆ ಆ ಕಟ್ಟೆಯೇ.

ಮೊದಲ ಸಂಜೆ ಎಲ್ಲರೂ ನಕ್ಕರು. ನೀಲವ್ವ ಹಾಡುತ್ತಿದ್ದಾಗ ಶಾಸ್ತ್ರಿಗಳು ಪಕ್ಕದವನಿಗೆ ಮೆಲ್ಲಗೆ, "ಏ, ನಶ್ಯೇದ ಡಬ್ಬಿ ಎಲ್ಲಿಟ್ಟೀಯೋ ಹೇಸಿ" ಎಂದದ್ದು ಹಾರ್ನಿನಿಂದ ಇಡೀ ಊರಿಗೆ ಕೇಳಿಸಿತು. ಯಂತ್ರ ನೋಡಿಕೊಳ್ಳುತ್ತಿದ್ದ ಮಠದ ಚನ್ನಬಸಪ್ಪನಿಗೆ ನಾಚಿಕೆಯಾಯಿತು. ಹಿರಿಯರ ಕೆಮ್ಮು, ಸೀನು ಊರಿಗೆ ಕೇಳಬಾರದೆಂದು ಅವನು ಅಂದಿನಿಂದ ಒಂದು ನೇಮ ಮಾಡಿಕೊಂಡ. ಶಾಸ್ತ್ರಿಗಳ ಮಾತು ನಿಂತ ಕೂಡಲೇ ಅವರ ಗುಂಡಿಯನ್ನು ಕಡೆತನಕ ಮುಚ್ಚುತ್ತಿದ್ದ. ಆ ನೇಮದ ಸುದ್ದಿ ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹೋದಾಗ ನೀಲವ್ವನೇ ನನ್ನ ಬಳಿ ಬಂದಳು.

"ಅಕ್ಕೋರ, ಒಂದ ಮಾತು. ಮೊದಲಿಗೆ ಶಾಸ್ತ್ರಿಗೋಳು, ನಾನು ಕೂಡಿ ಪ್ರಾರ್ಥನಾ ಹಾಡ್ತೇವಲ್ರಿ, ಆವಾಗ ನನ್ನ ದನಿ ಹೊರಗ ತುಂಬಿ ಬರತೈತಿ. ಆಮ್ಯಾಲೆ ನಾ ಒಬ್ಬಾಕಿನ ಹಾಡೂಮುಂದ ಬಾವ್ಯಾಗ ಬಿದ್ದಂಗ ಆಗತೈತಿ."

ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಹೆಂಗಸೊಬ್ಬಳು, "ಉಪಾಸ ಜಾಸ್ತಿ ಆಗೇತೇಳ ನೀಲವ್ವಾ, ದನೀನ ಹೊರಗ ಬರವಲ್ದು" ಎಂದು ಚುಡಾಯಿಸಿದಳು. ನೀಲವ್ವ ನಗಲಿಲ್ಲ. "ಇಕಿ ದನಿ ಹೋತು, ಬ್ಯಾರೇದಾಕಿನ್ನ ಕರಸೂಣು ಅಂತ ಮಠದಾವ್ರು ಅನ್ನಾಕತ್ತಾರ್ರಿ" ಎಂದಳು.

ನಾನು ಎರಡೂ ಗುಂಡಿಗಳನ್ನು ಅರ್ಧರ್ಧ ತೆರೆದು, ಅವಳ ಮೈಕಿನಲ್ಲಿ ಮಾತಾಡಿ ನೋಡಿದೆ. ಚೆನ್ನಾಗಿ ಕೇಳಿಸಿತು.

"ಮಷೀನ್ ಸರಿ ಐತ್ರಿ. ನೀವು ಸ್ವಲ್ಪ ಜೋರ ಹಾಡ್ರಿ" ಎಂದೆ.

"ಕಲತಾವ್ರು ನೀವು. ನೀವು ಅಂದ್ರ ಹಂಗ ಇರತೈತಿ" ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಇಂದು ಸ್ವಲ್ಪ ಹಗುರವಾಗುತ್ತಿತ್ತು.

ಅದರ ಮುಂದಿನ ವಾರ ಶಾಲೆಯ ಪರೀಕ್ಷೆಗಳಿದ್ದವು, ಹೋಗಲಿಲ್ಲ. ಮೂರನೆಯ ಭಾನುವಾರ ಊರು ತಲುಪುವ ಹೊತ್ತಿಗೆ ಹಾಡು ಶುರುವಾಗಿತ್ತು. ಹಾರ್ನಿನಿಂದ ಬರುತ್ತಿದ್ದದ್ದು ತೀರ ಸಣ್ಣ ದನಿ. ಒಳಗೆ ಹೋದರೆ ನೀಲವ್ವನ ಕೊರಳ ನರಗಳು ಉಬ್ಬಿದ್ದವು. ಅವಳು ಕೂಗುತ್ತಿದ್ದಳು. ಅವಳ ಗುಂಡಿ ಪೂರ್ತಿ ತೆರೆದಿತ್ತು. ಶಾಸ್ತ್ರಿಗಳದು ಪೂರ್ತಿ ಮುಚ್ಚಿತ್ತು.

"ಇದನ್ಯಾಕ ಮುಚ್ಚೀರಿ?"

"ದಿನಾ ಮುಚ್ಚತೇನ್ರಿ ಅಕ್ಕೋರ. ಮೊದಲನೇ ದಿನ ನಶ್ಯೇದ ಫಜೀತಿ ಆತಲ್ರಿ" ಎಂದ ಚನ್ನಬಸಪ್ಪ.

ನಾನು ಶಾಸ್ತ್ರಿಗಳ ಗುಂಡಿಯನ್ನು ಅರ್ಧ ತಿರುಗಿಸಿದೆ. ನೀಲವ್ವನ ದನಿ ಒಮ್ಮೆಲೇ ಹೊರಗೆ ಎದ್ದುಬಂತು. ಬೆಚ್ಚಿ ಅವಳು ಹಾಡು ನಿಲ್ಲಿಸಿದಳು.

ತಪ್ಪು ಏನೆಂದು ಆಗಲೇ ತಿಳಿಯಿತು. ಎರಡು ಕಾಲುವೆಗಳು ಕೂಡಿ ಒಂದೇ ಗದ್ದೆಗೆ ಹರಿಯುತ್ತವೆ ಎನ್ನಿ. ಒಂದರ ನೀರು ಬೇಡವೆಂದು ಅದನ್ನು ಹಳ್ಳಕ್ಕೆ ಒಡೆದರೆ, ಇನ್ನೊಂದರ ನೀರೂ ಹಿಂದಕ್ಕೆ ಹರಿದು ಅದೇ ಒಡಕಿನಿಂದ ಹಳ್ಳ ಸೇರುತ್ತದೆ. ವಾಲ್ಯೂಮ್ ಗುಂಡಿ ಮುಚ್ಚುವುದೆಂದರೆ ಆ ಮೈಕಿನ ದನಿಯನ್ನು ತಡೆಯುವುದಲ್ಲ, ಹೀಗೆ ಬೇರೆ ಕಡೆಗೆ ಒಡೆಯುವುದೇ. ಇದನ್ನು ತಡೆಯಲು ಎರಡೂ ದಾರಿಗಳು ಕೂಡುವ ಮೊದಲು ಒಂದೊಂದು ರೆಸಿಸ್ಟರ್, ಅಂದರೆ ಹರಿವನ್ನು ತಡೆಯುವ ಇಕ್ಕಟ್ಟಾದ ಬಾಯಿ, ಇರಬೇಕು. ನಕ್ಷೆಯಲ್ಲಿ ಎರಡೂವರೆ ಲಕ್ಷ ಓಮಿನವು ಎಂದಿತ್ತು. ನನ್ನಲ್ಲಿದ್ದದ್ದು ಹತ್ತು ಸಾವಿರದವು, ಇಪ್ಪತ್ತೈದು ಪಟ್ಟು ಕಡಿಮೆ ತಡೆಯುವಂಥವು. ಪುರಾಣದ ದಿನ ಹತ್ತಿರ ಬಂದಿತ್ತು, ಹುಬ್ಬಳ್ಳಿಗೆ ಮತ್ತೆ ಹೋಗುವ ಬೇಸರ. ಇದ್ದುದನ್ನೇ ಬೆಸೆದಿದ್ದೆ. ಎರಡೂ ಗುಂಡಿ ಅರ್ಧ ತೆರೆದಾಗ ವ್ಯತ್ಯಾಸ ಕಾಣುವುದಿಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದರ ದನಿ ಏಳರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀಲವ್ವ ಬಾವಿ ಎಂದು ಹೇಳಿದ್ದು ಇದನ್ನೇ.

ಬುಧವಾರ ಹುಬ್ಬಳ್ಳಿಯಿಂದ ಸರಿಯಾದ ರೆಸಿಸ್ಟರುಗಳು ಬಂದವು. ಹಾಕಿದೆ. ಈಗ ಎರಡೂ ಮೈಕುಗಳ ದನಿ ಸ್ವಲ್ಪ ತಗ್ಗಿತು, ಆದರೆ ಒಂದು ಇನ್ನೊಂದನ್ನು ಎಳೆಯುವುದು ನಿಂತಿತು. ಈ ಸಲ ಮೊದಲು ಒಂದನ್ನು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ಪರೀಕ್ಷಿಸಿದೆ.

ಪುರಾಣ ಮಂಗಲದ ದಿನ ಜನ ಬಹಳ ಸೇರಿದ್ದರು. ಶಾಸ್ತ್ರಿಗಳ ಮಾತು ಮುಗಿಯಿತು, ಚನ್ನಬಸಪ್ಪ ಎಂದಿನಂತೆ ಅವರ ಗುಂಡಿ ಮುಚ್ಚಿದ, ನೀಲವ್ವ ಹಾಡಿದಳು. ಯಂತ್ರ ಒಂದಿಷ್ಟೂ ತಪ್ಪು ಮಾಡಲಿಲ್ಲ. ಎರಡು ವಾರ ಕೂಗಿ ಕೂಗಿ ಒಡೆದುಹೋದ ಕಂಠವನ್ನು, ಅದರ ಪ್ರತಿ ಬಿರುಕಿನ ಸಮೇತ, ಹಾರ್ನು ಊರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಎರಡನೆಯ ವಚನದ ನಡುವೆ ಅವಳು ನಿಲ್ಲಿಸಿ, ಮೈಕನ್ನು ಮೆಲ್ಲಗೆ ಆಚೆ ಸರಿಸಿದಳು.

ಹೊರಡುವಾಗ ಅವಳಿಗೆ ನನ್ನ ತಪ್ಪನ್ನು ಹೇಳಿದೆ. ರೆಸಿಸ್ಟರ್ ಎಂದರೇನೆಂದೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಗೊಗ್ಗರು ದನಿಯಲ್ಲಿ ಒಂದೇ ಮಾತು ಕೇಳಿದಳು.

"ಅವತ್ತ ನಾ ಹೇಳಿದ್ದು ಖರೇ ಇತ್ತೇನ್ರಿ?"

"ಖರೇ ಇತ್ರಿ" ಎಂದೆ.

ಮರುವರ್ಷ ಸವಣೂರಿನಿಂದ ಹಾಡುವವರು ಬಂದರು. ನೀಲವ್ವ ಹೆಂಗಸರ ಸಾಲಿನಲ್ಲಿ ಮುಂದೆ ಕೂತು ತುಟಿ ಆಡಿಸುತ್ತಿದ್ದಳು, ದನಿ ಇರಲಿಲ್ಲ. ಈಗಲೂ ಯಾವುದೇ ಯಂತ್ರ ನನ್ನ ಕೈಗೆ ಬಂದರೆ, ಅದನ್ನು ದಿನಾ ಬಳಸುವವರು ಹೇಗೆ ಬಳಸುತ್ತಾರೆಂದು ಮೊದಲು ಕೂತು ನೋಡುತ್ತೇನೆ. ಅವರು ಹೇಳಿದ್ದನ್ನು ಮೀಟರಿನ ಅಂಕಿಯಂತೆಯೇ ಬರೆದುಕೊಳ್ಳುತ್ತೇನೆ. ಆಮೇಲೆ ಒಂದು ಗುಂಡಿಯನ್ನು ಪೂರ್ತಿ ಮುಚ್ಚಿ ಕಿವಿಗೊಡುತ್ತೇನೆ. ಎಷ್ಟು ಸ್ಪಷ್ಟವಾಗಿ ಕೇಳಿಸಿದರೂ, ಆ ದನಿಯ ಕೆಳಗೆಲ್ಲೋ ಬಾವಿಯೊಳಗಿಂದ ಯಾರೋ ಹಾಡುತ್ತಿರುತ್ತಾರೆ.