ಹೊಳಿಯವ್ವ ಮುಚ್ಚಗೊಡದ ಸಮಿತಿ

ಗುತ್ತಲದ ಆಚೆ ಇರುವ ನಮ್ಮೂರಿನ ಪಂಚಾಯತಿಯಲ್ಲಿ ತಿಂಗಳಿಗೊಮ್ಮೆ ಶಾಂತಿ ಸಮಿತಿ ಸೇರುತ್ತದೆ. ನಾವು ಗಂಡಸರು ಚಹಾ ಬರುವ ಹೊತ್ತಿಗೆ ಸರಿಯಾಗಿ ಹೋಗುತ್ತೇವೆ. ಹೊಳಿಯವ್ವ ಮಾತ್ರ ಇಳಕಲ್ ಸೀರೆ ಉಟ್ಟು, ಬೀಗರ ಮನೆಗೆ ಹೊರಟವಳ ಹಾಗೆ ಎಲ್ಲರಿಗಿಂತ ಮೊದಲು ಬಂದು, ಬಾಗಿಲಿಗೆ ಎದುರಾದ ಕುರ್ಚಿ ಹಿಡಿಯುತ್ತಾಳೆ. "ಶಾಂತಿ ಮ್ಯಾಲೆ ಭಾರೀ ಪ್ರೀತಿ ಬಿಡಬೇ ನಿಂದು," ಎಂದು ಎಷ್ಟೋ ಸಲ ಕಿಚಾಯಿಸಿದ್ದೇನೆ. ಅವಳು ಬಾಗಿಲಿನಿಂದ ಕಣ್ಣು ತೆಗೆಯುವುದಿಲ್ಲ.

ಅವಳು ಕಾಯುವುದು ಮಹಮೂದಾಬೇಗಂಳನ್ನು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಒಂದೇ ತಾಡಪತ್ರಿಯ ಮೇಲೆ ಕುಳಿತು, ಘಾಟಿಗೆ ಸೀನುತ್ತ, ಸೊಸೆಯಂದಿರನ್ನು ಆಡಿಕೊಳ್ಳುತ್ತ ತೊಟ್ಟು ಬಿಡಿಸುತ್ತಿದ್ದರು. ಹೊಳಿಯವ್ವನ ಮಗ ದುರ್ಗೇಶ ಚಿಕ್ಕವನಿದ್ದಾಗ ಹಸಿವಾದರೆ ಯಾವ ಬಾಗಿಲು ತೆರೆದಿದೆಯೋ ಆ ಮನೆಯಲ್ಲಿ ಉಣ್ಣುತ್ತಿದ್ದ.

ಆಮೇಲೆ ಒಂದು ಬ್ಯಾನರಿನ ನೆಪದಲ್ಲಿ ಊರು ಎರಡಾಯಿತು. ಯಾರು ಕಟ್ಟಿದರು, ಯಾರು ಹರಿದರು ಎಂದು ಮತ್ತೆ ಕೆದಕುವ ಚಟ ನನಗಿಲ್ಲ. ಕಲ್ಲು ಬಿದ್ದವು. ಮಹಮೂದಾಬೇಗಂಳ ಮನೆಯ ಹಂಚು ಒಡೆದವರ ಗುಂಪಿನಲ್ಲಿ ದುರ್ಗೇಶನೂ ಇದ್ದ. ಅವಳ ಮಗ ಸರ್ಫರಾಜ ಮರುದಿನವೇ ತಾಯಿಯನ್ನು ಬ್ಯಾಡಗಿಯ ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋದ.

ಹೊಳಿಯವ್ವ ಒಮ್ಮೆ ಅಲ್ಲಿಗೂ ಹೋಗಿ ಬಂದಳು. ಸರ್ಫರಾಜ ಚಹಾ ಕೊಟ್ಟ, ತಾನೇ ಬಂದು ಬಸ್ ಹತ್ತಿಸಿದ. ಹತ್ತಿಸುವಾಗ, "ಚಿಗವ್ವಾ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ನಿಮ್ಮನ್ನ ನೋಡಿದ್ರ ಆ ದಿನ ಕಣ್ಮುಂದ ಬರತೈತಿ. ಮತ್ತ ಬರಬ್ಯಾಡ್ರಿ," ಎಂದ. ಆಮೇಲೆ ಅವಳು ಹೋಗಲಿಲ್ಲ. ಹೋಗಬೇಕೆನ್ನುವ ಆಸೆಯೇನೂ ಸಾಯಲಿಲ್ಲ.

ಪಂಚಾಯತಿ ಕರೆದರೆ ಮಾತ್ರ ಸರ್ಫರಾಜ ಇಲ್ಲವೆನ್ನುವುದಿಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಹೆಣ್ಣುಮಗಳು ಸಮಿತಿಯಲ್ಲಿರಲಿ ಎಂದು ಅಧ್ಯಕ್ಷೆ ಸುಧಾರಾಣಿ ಈ ಇಬ್ಬರನ್ನೇ ಆರಿಸಿದ್ದಳು. ಅವನು ತಾಯಿಯನ್ನು ಬೈಕಿನಲ್ಲಿ ತಂದು ಬಿಡುತ್ತಾನೆ, ಸಭೆ ಮುಗಿದ ಕೂಡಲೇ ಕರೆದೊಯ್ಯುತ್ತಾನೆ. ಮೆರವಣಿಗೆಯ ದಾರಿ, ಡಿಜೆ ಗದ್ದಲ, ಮೊಬೈಲಿನಲ್ಲಿ ಹರಿದಾಡುವ ಸುಳ್ಳು ಸುದ್ದಿ ಎಂದು ನಾವು ಗಂಟಲು ಹರಿದುಕೊಳ್ಳುತ್ತಿದ್ದರೆ, ಹೊಳಿಯವ್ವ ಎದುರು ಸಾಲಿನ ಗೆಳತಿ ಸೊರಗಿದ್ದಾಳೋ, ಮೊಣಕಾಲು ನೋವು ಇಳಿದಿದೆಯೋ ಎಂದು ನೋಡುತ್ತ ಕೂತಿರುತ್ತಾಳೆ.

ಈ ವರ್ಷ ಹಬ್ಬಗಳೆಲ್ಲ ಸುಸೂತ್ರವಾಗಿ ಮುಗಿದವು. "ಊರು ತಣ್ಣಗಾಗೇತಿ. ಇನ್ನ ಸಮಿತಿ ಮುಚ್ಚೋಣ್ರಿ," ಎಂದರು ಪಿಡಿಓ ಸಾಹೇಬರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹೊಳಿಯವ್ವ ಎದ್ದು ನಿಂತಳು.

"ಮುಚ್ಚಬ್ಯಾಡ್ರಿ. ಇನ್ನೂ ಗಲಾಟಿ ಐತಿ."

"ಎಲ್ಲೈತ್ರಿ, ಅವ್ವಾರ?"

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನೆಲ ನೋಡುತ್ತ ನಿಂತಳು. ಆಗ ಎದುರು ಸಾಲಿನಿಂದ ಮಹಮೂದಾಬೇಗಂ, "ಹೌದ್ರಿ, ನನಗೂ ಹಂಗ ಅನಸತೈತಿ," ಎಂದಳು. ಎರಡೂ ಕಡೆಯವರು ಹಾಗೆಂದ ಮೇಲೆ ನಾವು ಗಾಬರಿಯಾಗಿ ಚಹಾ ಲೋಟ ಕೆಳಗಿಟ್ಟೆವು.

ಸುಧಾರಾಣಿ ಮೆಲ್ಲಗೆ ಕೇಳಿದಳು: "ಖರೇ ಹೇಳಬೇ ಹೊಳಿಯವ್ವ, ಏನಾಗೇತಿ?"

"ಇದನ್ನ ಮುಚ್ಚಿದ್ರ ಈಕಿ ಬರೂದಿಲ್ಲ. ಅಷ್ಟ." ಹೊಳಿಯವ್ವ ಗೆಳತಿಯ ಕಡೆ ಕೈ ಮಾಡಿದಳು. "ಕಲ್ಲು ಒಗದಾಂವ ನನ್ನ ಮಗ. ಅವನೇ ಖುದ್ದ ಬ್ಯಾಡಗಿಗೆ ಹೋಗಿ, ತಪ್ಪಾತು ಅಂದು, ಈಕಿನ್ನ ಈಕಿ ಮನಿಗೆ ಕರಕೊಂಡು ಬರಲಿ. ಅವತ್ತ ಮುಚ್ಚರಿ."

ಮಹಮೂದಾಬೇಗಂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಊರು ತಣ್ಣಗಿದೆ ಎಂದು ಬೀಗುತ್ತಿದ್ದ ನಾವು ಮುಚ್ಚುವ ಮಾತು ಬಿಟ್ಟೆವು. ಸುಧಾರಾಣಿ ಪಿಡಿಓ ಕಡೆ ತಿರುಗಿ, ಮುಂದಿನ ಸಭೆ ಯಾವತ್ತು ಇಟ್ಟುಕೊಳ್ಳೋಣ ಎಂದು ಕೇಳಿದಳು.

ದುರ್ಗೇಶ ಇನ್ನೂ ಬ್ಯಾಡಗಿಗೆ ಹೋಗಿಲ್ಲ. ಸಮಿತಿ ಸೇರುತ್ತಲೇ ಇದೆ.