ನೀಲಿ ಡಬ್ಬಿಯ ನಾಣ್ಯಗಳು

ಯಜಮಾನರು ತೀರಿಕೊಂಡ ಮೇಲೆ ಅವರ ಬೆಳ್ಳಿ ನಾಣ್ಯಗಳನ್ನು ನಾನು ಬಹಳ ದಿನ ಮುಟ್ಟಲಿಲ್ಲ. ದುಬೈಯ ಡಿಸ್ಕವರಿ ಗಾರ್ಡನ್ಸಿನ ನಮ್ಮ ಫ್ಲ್ಯಾಟಿನಲ್ಲಿ, ಬಟ್ಟೆಯ ಕಪಾಟಿನೊಳಗೆ ಎರಡು ಡಬ್ಬಿಗಳಿದ್ದವು. ನೀಲಿ ಡಬ್ಬಿಯಲ್ಲಿ ಅವರು ಅತ್ಯುತ್ತಮ ಎಂದು ಆರಿಸಿಟ್ಟವು, ಕಂದು ಡಬ್ಬಿಯಲ್ಲಿ ಉಳಿದವು. ರಾಜಮಹಾರಾಜರ ಕಾಲದ ನಾಣ್ಯಗಳಲ್ಲ. ಸಂಗ್ರಹ ಮಾಡುವವರಿಗೆಂದೇ ಈಗಿನ ಟಂಕಸಾಲೆಗಳು ಅಚ್ಚು ಹಾಕುವ, ಕನ್ನಡಿಯಂತೆ ಹೊಳೆಯುವ ನಾಣ್ಯಗಳು. ಒಂದೊಂದೂ ದುಂಡಗಿನ ಪ್ಲಾಸ್ಟಿಕ್ ಕವಚದೊಳಗೆ ಇರುತ್ತಿತ್ತು.

ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ನನಗೆ ಆ ವಿದ್ಯೆಯಲ್ಲಿ ತಿಳಿದದ್ದು ಇಷ್ಟೇ: ನಾಣ್ಯದ ಸ್ಥಿತಿಗೆ ಎಪ್ಪತ್ತರವರೆಗೆ ಅಂಕ ಕೊಡುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೂ ಕುಂದು ಕಾಣದಿದ್ದರೆ ಎಪ್ಪತ್ತು. ಎಲ್ಲೋ ಒಂದು ಚುಕ್ಕೆ ಇದ್ದರೆ ಅರವತ್ತೊಂಬತ್ತು. ಬರಿಗಣ್ಣಿಗೆ ಎರಡೂ ಒಂದೇ, ಆದರೆ ಹರಾಜಿನಲ್ಲಿ ಎಪ್ಪತ್ತಕ್ಕೆ ಕೆಲವೊಮ್ಮೆ ದುಪ್ಪಟ್ಟು ಬೆಲೆ. ನೀಲಿ ಡಬ್ಬಿಯವೆಲ್ಲ ಎಪ್ಪತ್ತು, ಕಂದು ಡಬ್ಬಿಯವು ಅರವತ್ತೊಂಬತ್ತು ಎಂದು ಯಜಮಾನರು ಹೇಳುತ್ತಿದ್ದರು.

ಶನಿವಾರ ಮಧ್ಯಾಹ್ನ ಇವರೂ ಇವರ ಸ್ನೇಹಿತರೊಬ್ಬರೂ ಲ್ಯಾಪ್‌ಟಾಪಿನಲ್ಲಿ ಹರಾಜು ನೋಡಲು ಕೂರುತ್ತಿದ್ದರು. ಸ್ನೇಹಿತರು ಮಂಗಳೂರು ಕಡೆಯ ಕೊಂಕಣಿಯವರು, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಇದಕ್ಕೆಂದೇ ಕಾರು ಓಡಿಸಿಕೊಂಡು ಬರುವವರು. ಪರದೆಯ ಮೇಲೆ ಅಂಕ ಇರುವ ಜಾಗವನ್ನು ಅಂಗೈಯಿಂದ ಮುಚ್ಚಿ, ಬರೀ ಫೋಟೊ ನೋಡಿ ಅಂಕ ಹೇಳಬೇಕು. ಬೆಲೆ ಎಲ್ಲಿಗೆ ನಿಲ್ಲುತ್ತದೆ ಎಂದೂ ಹೇಳಬೇಕು.

"ಅದು ಅರವತ್ತೆಂಟು. ನಿನ್ನ ಕಣ್ಣಿಗೆ ಪೊರೆ ಬಂದಿದೆ ಮಾರಾಯ," ಎನ್ನುವರು ಸ್ನೇಹಿತರು.

"ನಿನಗೆ ಶೇಖ್ ಜಾಯೆದ್ ರಸ್ತೆಯ ಸ್ಪೀಡ್ ಕ್ಯಾಮರಾವೇ ಕಾಣುವುದಿಲ್ಲ, ನಾಣ್ಯದ ಗೀರು ಕಾಣ್ತದಾ?" ಎನ್ನುವರು ಇವರು.

ಅಂಗೈ ತೆಗೆದಾಗ ಹೆಚ್ಚಾಗಿ ಇವರೇ ಸರಿಯಿರುತ್ತಿದ್ದರು. ಅಲ್ ಕೂಜ್‌ನ ಗೋದಾಮಿನಲ್ಲಿ ಆಯುಷ್ಯ ಕಳೆದ ಮನುಷ್ಯ ಅವರು. ಅಲ್ಲಿ ಯಾರಾದರೂ ಅವರನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ, ಮಗಳೂ ನಾನೂ ಸಣ್ಣ ಮನೆಗೆ ಹೋಗಬೇಕಾಗಿ ಬಂದು ನಾಣ್ಯ ಮಾರುವ ಮಾತು ಎದ್ದಾಗ, ನನಗೆ ಬೆಲೆಗಿಂತ ಹೆಚ್ಚಾಗಿ ಒಂದು ಮಾತು ಬೇಕಾಗಿತ್ತು. ಇವರು ಎಪ್ಪತ್ತು ಎಂದದ್ದು ಎಪ್ಪತ್ತೇ ಎಂದು ತಿಳಿದವರೊಬ್ಬರು ಹೇಳಬೇಕಿತ್ತು.

ಸ್ನೇಹಿತರನ್ನೇ ಕರೆದೆ. ಮೇಜಿನ ಮೇಲೆ ದೀಪ ಇಟ್ಟುಕೊಂಡು ಮೊದಲು ಕಂದು ಡಬ್ಬಿ ತೆರೆದರು. ಒಂದೊಂದನ್ನೂ ಬೆಳಕಿಗೆ ಓರೆಯಾಗಿ ಹಿಡಿದು, "ಚಂದ ಉಂಟು, ಅರವತ್ತೊಂಬತ್ತು," ಎನ್ನುತ್ತಾ ಹೋದರು. ಆಮೇಲೆ ನೀಲಿ ಡಬ್ಬಿ ತೆರೆದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಇವಕ್ಕೆ ಅಂಕ ಸಿಗ್ಲಿಕ್ಕಿಲ್ಲ ಅಕ್ಕ."

"ಎಷ್ಟೂ ಇಲ್ವಾ?"

"ಬೆಳ್ಳಿಯ ತೂಕಕ್ಕೆ ಹೋಗ್ತದೆ. ಇವನ್ನು ಮಾರುವುದು ಬೇಡ, ಇಟ್ಟುಕೊಳ್ಳಿ. ಇಲ್ಲದಿದ್ದರೆ ನಾನೇ ತೆಗೆದುಕೊಳ್ತೇನೆ."

ಆ ಕೊನೆಯ ಮಾತಿಗೆ ನನ್ನ ಸಿಟ್ಟು ನೆತ್ತಿಗೇರಿತು. ಉಳಿದವಕ್ಕೆಲ್ಲ ಒಳ್ಳೆಯ ಅಂಕ, ಇವರು ಕಣ್ಣಲ್ಲಿ ಕಣ್ಣಿಟ್ಟು ಆರಿಸಿದವಕ್ಕೆ ಮಾತ್ರ ಏನೂ ಇಲ್ಲ, ಅದರ ಮೇಲೆ ತಾನೇ ಕೊಳ್ಳುತ್ತೇನೆ ಎನ್ನುವುದು!

"ಸತ್ತವರ ಮನೆಯಲ್ಲೂ ನಿಮಗೆ ವ್ಯಾಪಾರವಾ?" ಎಂದೆ. "ಅವರಿದ್ದಾಗ ಈ ಡಬ್ಬಿಯ ಮೇಲೆ ನಿಮಗೆ ಕಣ್ಣಿತ್ತು ಅಂತ ನನಗೆ ಗೊತ್ತುಂಟು."

ಅವರ ಮುಖ ಕೆಂಪಾಯಿತು. ಡಬ್ಬಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿದರು. ಕಂದು ಡಬ್ಬಿಯನ್ನು ಅಧಿಕೃತ ಅಂಕಕ್ಕೆ ಹೊರದೇಶಕ್ಕೆ ಕಳಿಸುವುದೆಂದು ಮೊದಲೇ ಮಾತಾಗಿತ್ತು, ಅದನ್ನು ಮಾತ್ರ ತೆಗೆದುಕೊಂಡು ಹೊರಟರು. ಬಾಗಿಲು ಮುಚ್ಚಿದ ಮೇಲೆ ಮಗಳು, "ಅಮ್ಮಾ, ದಟ್ ವಾಸ್ ಸೋ ರೂಡ್," ಎಂದಳು. ನಿನಗೆ ಏನೂ ಗೊತ್ತಿಲ್ಲ ಎಂದು ಅವಳಿಗೂ ಬೈದೆ.

ಮರುವಾರ ನೀಲಿ ಡಬ್ಬಿ ಹಿಡಿದು ಬರ್ ದುಬೈಯ ಒಬ್ಬ ಗುಜರಾತಿ ನಾಣ್ಯ ವ್ಯಾಪಾರಿಯ ಹತ್ತಿರ ಹೋದೆ. ಸ್ನೇಹಿತರ ಸುಳ್ಳು ಬಯಲಾಗಲಿ ಎಂಬ ಹಟ. ವ್ಯಾಪಾರಿ ಮೊದಲನೆಯ ನಾಣ್ಯವನ್ನು ಬೆಳಕಿಗೆ ಹಿಡಿದದ್ದೇ ನಕ್ಕುಬಿಟ್ಟರು.

"ಪೂಜಾ ಮೇ ರಖಾ ಥಾ ಕ್ಯಾ, ಬೆಹನ್‌ಜೀ?"

ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಅಂಚಿನ ಅಕ್ಷರದ ಸಂದಿಯಲ್ಲಿ ಕುಂಕುಮ. ಕನ್ನಡಿಯಂಥ ಜಾಗದ ತುಂಬ ಕೂದಲೆಳೆಯಂಥ ಗೀರುಗಳು. ತೊಳೆದು ಉಜ್ಜಿದ ನಾಣ್ಯಕ್ಕೆ ಅಂಕವೇ ಇಲ್ಲ, ನಮ್ಮವರ ಮನೆಗಳಿಂದ ಹೀಗೆ ಬಹಳ ಬರುತ್ತವೆ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು.

ಉಜ್ಜಿದವಳು ನಾನು. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಗೆ ಬೆಳ್ಳಿ ನಾಣ್ಯ ಇಡುವುದು ನಮ್ಮ ಮನೆಯ ಕ್ರಮ. ಮನೆಯಲ್ಲಿ ಇಷ್ಟು ನಾಣ್ಯ ಇರುವಾಗ ಹೊಸತು ಯಾಕೆ, ದೇವರಿಗೆ ಇಡುವುದಾದರೆ ಒಳ್ಳೆಯದನ್ನೇ ಇಡಬೇಕು ಎಂದು ನೀಲಿ ಡಬ್ಬಿಯವನ್ನೇ ಕೇಳುತ್ತಿದ್ದೆ. ಇವರೇ ಕವಚ ಬಿಡಿಸಿ ಕೊಡುತ್ತಿದ್ದರು. ಹಾಲಿನಲ್ಲಿ ತೊಳೆದು, ದೀಪದ ಕಂಬವನ್ನು ಉಜ್ಜಿದ ಹಾಗೆ ವಿಭೂತಿ ಹಾಕಿ ಹತ್ತಿ ಬಟ್ಟೆಯಿಂದ ಉಜ್ಜಿ, ಕುಂಕುಮ ಇಡುತ್ತಿದ್ದೆ. ಮೊದಲ ಸಲ ಅವರು ಕವಚ ಬಿಡಿಸದೆ ನಾಣ್ಯವನ್ನು ಕೈಯಲ್ಲೇ ತಿರುಗಿಸುತ್ತಾ ನಿಂತಿದ್ದರು. "ಎಂತ, ದೇವರಿಗೆ ಕೊಡ್ಲಿಕ್ಕೂ ಮನಸ್ಸಿಲ್ವಾ?" ಎಂದು ನಾನು ಚುಚ್ಚಿದ್ದೆ. ಕೊಟ್ಟರು. ಆಮೇಲಿನ ವರ್ಷಗಳಲ್ಲಿ ನಾನು ಕೇಳುವ ಮೊದಲೇ ತೆಗೆದಿಡುತ್ತಿದ್ದರು.

ಮೆಟ್ರೋದಲ್ಲಿ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಎದುರು ಕುಳಿತವರ ಮುಖ ನೋಡಲಿಕ್ಕೂ ನಾಚಿಕೆಯಾಗುತ್ತಿತ್ತು, ಅವರಿಗೆಲ್ಲ ಗೊತ್ತಿದೆಯೇನೋ ಎಂಬಂತೆ. ಸ್ನೇಹಿತರಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ದಿನ ಕಳೆದಷ್ಟೂ ಅದು ಕಷ್ಟವಾಯಿತು.

ಕೊನೆಗೆ ಅವರೇ ಮೆಸೇಜು ಕಳಿಸಿದರು. ಕಂದು ಡಬ್ಬಿಯ ನಾಣ್ಯಗಳು ಅಂಕ ಪಡೆದು ಬಂದಿದ್ದವು. ಎಲ್ಲವೂ ಅರವತ್ತೊಂಬತ್ತು, ಇವರು ಹೇಳುತ್ತಿದ್ದ ಹಾಗೆಯೇ. ನಾನು ಕೈ ಹಾಕದೆ ಉಳಿದವು ಮಾತ್ರ ಯಜಮಾನರ ಕಣ್ಣಿಗೆ ಸಾಕ್ಷಿ ಹೇಳಿದವು.

ಆಗ ಫೋನು ಮಾಡಿದೆ.

"ನೀಲಿ ಡಬ್ಬಿಯವು ತೆಗೆದುಕೊಂಡಾಗ ನಿಜವಾಗಿ ಎಪ್ಪತ್ತು ಇದ್ದವಾ?" ಎಂದು ಕೇಳಿದೆ.

"ನನ್ನ ಕಣ್ಣಿಗೆ ಹೌದು. ಆದರೆ ಇನ್ನು ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ ಅಕ್ಕ."

"ಅವರಿಗೆ ಗೊತ್ತಿತ್ತಲ್ಲ, ಉಜ್ಜಿದರೆ ಹಾಳಾಗ್ತದೆ ಅಂತ?"

"ಗೊತ್ತಿಲ್ಲದೆ ಉಂಟಾ? ಹೆಂಡತಿಗೆ ಹೇಳು ಮಾರಾಯ ಅಂತ ನಾನು ಬೈದಿದ್ದೆ. ಹೇಳಿದರೆ ಅವಳು ಇನ್ನು ಈ ಡಬ್ಬಿಯ ಹತ್ತಿರವೇ ಬರುವುದಿಲ್ಲ, ಬಿಡು ಅಂದ."

ಅಂದರೆ ಆ ದಿನ ಮೇಜಿನ ಮುಂದೆ ನೋಡಿದ ಕೂಡಲೇ ಸ್ನೇಹಿತರಿಗೆ ಎಲ್ಲ ತಿಳಿದಿತ್ತು. ನನಗೆ ತಿಳಿಯಬಾರದೆಂದು ಮುಚ್ಚಳ ಹಾಕಿದ್ದರು.

"ಆ ದಿನ ನಾನು ಹೇಳಿದ್ದು..." ಎಂದೆ.

"ಬಿಡಿ ಅಕ್ಕ, ಖಲಾಸ್."

"ಬಿಡ್ಲಿಕ್ಕೆ ಆಗುವುದಿಲ್ಲ. ನಿಮ್ಮನ್ನು ಕಳ್ಳನ ಹಾಗೆ ಮಾತಾಡಿಸಿದೆ. ತಪ್ಪಾಯ್ತು."

ಅವರ ಮನೆಯಲ್ಲಿ ಕುಕ್ಕರು ಕೂಗುವುದು ಕೇಳಿಸಿತು. ಅವರು ಫೋನು ಇಡಲಿಲ್ಲ.

"ಹೌದು ಅಕ್ಕ," ಎಂದರು, "ಬೇಜಾರಾಗಿತ್ತು. ಮನೆ ಮುಟ್ಟುವವರೆಗೆ ಅದೇ ತಲೆಯಲ್ಲಿತ್ತು."

ಬೇಜಾರಾಗಲಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು. ಆದರೆ ನನ್ನ ಯಜಮಾನರು ಮಾತ್ರ, ಬೇಜಾರಾಗಿತ್ತೋ ಇಲ್ಲವೋ, ಒಂದು ಸಲವೂ ಹೇಳಲಿಲ್ಲ.