ಹನ್ನೆರಡು ನಿಮಿಷ ಹೊರಗೆ

ದೆಹಲಿಯ ಕಚೇರಿಯಲ್ಲಿ ಮೊದಲ ದಿನವೇ ನಾನೊಂದು ಅಪರಾಧ ಮಾಡಿದೆ. ನನ್ನ ಕೋಣೆಯ ಬಾಗಿಲನ್ನು ನಾನೇ ತೆರೆದುಬಿಟ್ಟೆ. ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದ ನರೆತ ಮೀಸೆಯ ಮನುಷ್ಯ ದಡಬಡಿಸಿ ಎದ್ದು ನಿಂತ. ‘ಮೇಡಂ, ನನ್ನಿಂದ ಏನಾದರೂ ತಪ್ಪಾಯಿತೇ?’ ಎಂದು ಹಿಂದಿಯಲ್ಲಿ ಕೇಳಿದ. ಅಳುವುದೊಂದೇ ಬಾಕಿ. ಬಾಗಿಲು ತೆರೆಯುವುದೇ ಅವನ ಕೆಲಸವಂತೆ. ನಾನು ತೆರೆದರೆ ಅವನು ಬೇಡ ಎಂದ ಹಾಗಂತೆ. ಹೆಸರು ಗೋಪಾಲ್ ಸಿಂಗ್, ಗಢವಾಲದ ಬೆಟ್ಟದ ಕಡೆಯವನು. ದೇಶದ ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುವ ಆ ಸಂಸ್ಥೆಗೆ ನಾನು ಮುಖ್ಯಸ್ಥೆಯಾಗಿ ಬಂದಿದ್ದೆ, ಮತ್ತು ಬಂದ ಅರ್ಧ ಗಂಟೆಯಲ್ಲಿ ಒಬ್ಬನ ಎದೆ ಒಡೆದಿದ್ದೆ.

ನಾನು ವಾಡಿಯವಳು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ನಮ್ಮ ಕ್ವಾರ್ಟರ್ಸಿನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು; ಧೂಳು ಒಳಗೆ ಬರುತ್ತದೆಂದು ಅವ್ವ ಬೈಯುತ್ತಿದ್ದಳೇ ಹೊರತು ಮುಚ್ಚುತ್ತಿರಲಿಲ್ಲ. ಇಲ್ಲಿ ಬಾಗಿಲಿಗೊಬ್ಬ ಆಳು! ಮೂರು ದಿನ ಗೋಪಾಲ್ ಸಿಂಗನಿಗಿಂತ ಮೊದಲೇ ಹಿಡಿಕೆಗೆ ಕೈ ಹಾಕಿ, ನಾಲ್ಕನೆಯ ದಿನ ಸೋತು ಕೈ ಕಟ್ಟಿ ನಿಂತೆ. ಅಭ್ಯಾಸ ಎಂಬುದು ಎಂಥ ದರಿದ್ರದ್ದು ನೋಡಿ, ಈಗ ವಾಡಿಗೆ ಹೋದರೆ ಅಣ್ಣನ ಮನೆಯ ಮುಂದೆಯೂ ಒಂದು ಕ್ಷಣ ಹಾಗೇ ನಿಂತುಬಿಡುತ್ತೇನೆ. ಅಣ್ಣ ಬಿಡುತ್ತಾನೆಯೇ? ‘ಏನವ್ವಾ ಸುಜಾತಾ, ಯಾರ ದಾರಿ ನೋಡಾಕತ್ತೀ? ಕೈ ದಿಲ್ಲ್ಯಾಗ ಬಿಟ್ಟು ಬಂದೀಯೇನು?’ ಅನ್ನುತ್ತಾನೆ.

ನನಗೆ ಕೊಟ್ಟ ಮನೆಗೆ ಇಲ್ಲಿಯವರು ಕೋಠಿ ಎನ್ನುತ್ತಾರೆ, ಅಂದರೆ ಬಂಗಲೆ. ಆರು ಕೋಣೆ, ಒಂದು ಜೀವ. ಗಂಡ ತೀರಿಕೊಂಡು ಎಷ್ಟೋ ವರ್ಷವಾಯಿತು, ಮಕ್ಕಳಿಲ್ಲ. ಆರರಲ್ಲಿ ಒಂದರಲ್ಲಿ ನಾನು ಮಲಗುತ್ತಿದ್ದೆ, ಉಳಿದವುಗಳಲ್ಲಿ ಸರ್ಕಾರಿ ಸೋಫಾಗಳು ಕುಳಿತಿರುತ್ತಿದ್ದವು. ಕಿರಾಣಿ ಅಂಗಡಿಗೆ ಹೋಗಿ ಜೋಳದ ಹಿಟ್ಟು ಕೇಳಿದರೆ ಅಂಗಡಿಯವ ‘ದನಕ್ಕೇ?’ ಎಂದ. ಮೈಯೆಲ್ಲ ಉರಿದುಹೋಯಿತು. ಕೊನೆಗೆ ಗೋಪಾಲ್ ಸಿಂಗನೇ ಎಲ್ಲಿಂದಲೋ ಹುಡುಕಿ ತಂದ. ಹಿಟ್ಟು ಹಳೆಯದು, ಜಿಗುಟೇ ಇಲ್ಲ. ಮೊದಲ ರೊಟ್ಟಿ ಹಂಚಿನ ಮೇಲೆ ಮೂರು ತುಂಡಾಯಿತು. ಎರಡನೆಯ ವಾರದಲ್ಲಿ ಒಂದು ರೊಟ್ಟಿ ಇಡಿಯಾಗಿ ಎದ್ದು ಉಬ್ಬಿದಾಗ, ನಗಬೇಡಿ, ಒಬ್ಬಳೇ ಚಪ್ಪಾಳೆ ಹೊಡೆದೆ.

ಮಾತಿನ ಕಥೆ ಬೇರೆ. ನನಗೆ ಹಿಂದಿ ಚೆನ್ನಾಗಿ ಬರುತ್ತದೆಂದು ನಾನು ನಂಬಿದ್ದೆ. ಬರುತ್ತಿದ್ದುದು ನಮ್ಮ ಕಡೆಯ ದಖನಿ. ಒಂದು ದೊಡ್ಡ ಸಭೆಯಲ್ಲಿ ಚಹಾ ಬೇಡ ಎನ್ನಲು ‘ನಕೋ’ ಅಂದೆ. ಮೇಜಿನ ಸುತ್ತ ಕುಳಿತ ಪ್ರೊಫೆಸರುಗಳೆಲ್ಲ ಮುಗುಳ್ನಕ್ಕರು, ಮಕ್ಕಳ ತೊದಲು ಕೇಳಿ ನಗುತ್ತಾರಲ್ಲ ಹಾಗೆ. ಆ ದಿನದಿಂದ ಸಭೆಯಲ್ಲಿ ಬರೀ ಇಂಗ್ಲಿಷ್.

ಕಚೇರಿಯ ಪಡಸಾಲೆಯಲ್ಲಿ ನನಗಿಂತ ಹಿಂದಿನ ಮುಖ್ಯಸ್ಥರ ಫೋಟೋಗಳ ಸಾಲು ಇದೆ. ಒಬ್ಬೊಬ್ಬರೂ ಒಂದೊಂದು ವಿದ್ಯೆಯಲ್ಲಿ ದಿಗ್ಗಜರು. ಪ್ರಯೋಗಾಲಯದಲ್ಲಿ ಅರ್ಧ ಆಯುಷ್ಯ, ಆಮೇಲೆ ಒಂದು ಸಂಸ್ಥೆಯ ನಿರ್ದೇಶಕರ ಪಟ್ಟ, ಕೊನೆಗೆ ಈ ಕುರ್ಚಿ, ಆಮೇಲೆ ಫೋಟೋ. ಗೋಪಾಲ್ ಸಿಂಗನಿಗೆ ಅವರ ಸಂಶೋಧನೆ ಏನೆಂದು ಗೊತ್ತಿಲ್ಲ, ಯಾರ ಚಹಾಕ್ಕೆ ಎಷ್ಟು ಸಕ್ಕರೆ ಎಂಬುದು ಗೊತ್ತು. ಈ ಕುರ್ಚಿಗೆ ಬಂದವರು ಸ್ವಂತ ಪ್ರಶ್ನೆ ಕೇಳುವುದನ್ನು ಬಿಟ್ಟು ಬೇರೆಯವರ ಪ್ರಶ್ನೆಗಳಿಗೆ ಸಹಿ ಹಾಕಬೇಕು. ನಾನು ಗಿಡಗಳ ರೋಗ ಓದಿದವಳು, ತೊಗರಿಯ ನೆಟೆ ರೋಗದ ಬೆನ್ನು ಹತ್ತಿದವಳು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡವನ್ನು ನಿಂತಲ್ಲೇ ಒಣಗಿಸುವ ರೋಗ ಅದು. ಹೊಲದಲ್ಲಿ ಬಗ್ಗಿ ಒಂದು ಗಿಡ ಕಿತ್ತು ಬೇರು ಸೀಳಿ ನೋಡಿ ಹತ್ತು ವರ್ಷದ ಮೇಲಾಗಿತ್ತು.

ಮಹಾನಂದಾಳ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಹೇಳಿದ್ದೇ ಅದನ್ನು ಮುಂದೂಡಲಿಕ್ಕೆ.

ಮಹಾನಂದಾ ಚಿಂಚೋಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಮುಖ್ಯಸ್ಥೆಯಾದ ಮೇಲೆ ನಾನು ಚಿತ್ತಾಪುರದಲ್ಲಿ ಒಮ್ಮೆ ಭಾಷಣ ಮಾಡಿದಾಗ ಮುಗಿದ ಮೇಲೆ ಬಂದು, ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಅಂಗೈಗೆ ತೊಗರಿ ಸುರಿದಳು. ಸಣ್ಣ ಕಾಳು, ಕಡುಗೆಂಪು. ‘ಕುಂಚಾವರಂ ಕಡಿ ಅಡವ್ಯಾಗ ಒಬ್ಬಾಕಿ ಮುದುಕಿ ಹಾಕ್ತಾಳ್ರಿ ಅಕ್ಕೋರೆ. ಎರ್ರ ಕಂದಿ ಅಂತಾಳ್ರಿ, ತೆಲುಗಿನ್ಯಾಗ ಕೆಂಪು ತೊಗರಿ. ನೆಟೆ ಬಂದ್ರೂ ಇದು ನಿಂತೇ ಇರ್ತದಂತ್ರಿ. ಇಂಥವು ಹನ್ನೊಂದು ಥರ ಸಿಕ್ಕಾವ್ರಿ ನನಗ’ ಎಂದಳು. ಭಾನುವಾರಗಳಲ್ಲಿ ಬಸ್ಸು ಹಿಡಿದು, ಬಸ್ಸು ನಿಂತಲ್ಲಿಂದ ನಡೆದು, ಒಂಟಿ ಮನೆಗಳ ಹೆಂಗಸರಿಂದ ಕೇಳಿ ತಂದ ಬೀಜಗಳು. ಬೂದಿ, ಬೇವಿನ ಸೊಪ್ಪು ಹಾಕಿ ಗಡಿಗೆಗಳಲ್ಲಿ ಇಟ್ಟಿದ್ದಳು.

ಗಡಿಗೆಯಲ್ಲಿ ತೊಗರಿ ಎಷ್ಟು ಕಾಲ ಬದುಕೀತು? ಎರಡು ವರ್ಷ, ಹೆಚ್ಚೆಂದರೆ ಮೂರು. ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು. ಆದರೆ ತೊಗರಿ ಹೂವಿಗೆ ಜೇನು ಬರುತ್ತದೆ. ಒಂದೊಂದು ತಳಿಗೂ ಬಲೆ ಕಟ್ಟಿ ಬೇರೆ ಬೇರೆ ಬೆಳೆಸದಿದ್ದರೆ ಎಲ್ಲ ಕಲಸುಮೇಲೋಗರ. ಅದಕ್ಕೆ ಹೊಲ ಬೇಕು, ಬಲೆ ಬೇಕು, ಕಾಯುವವರು ಬೇಕು. ‘ಅರ್ಜಿ ಹಾಕು’ ಎಂದೆ. ನಾನೇ ಎಂದೆ.

ಅರ್ಜಿ ಬಂತು. ಸಭೆಯಲ್ಲಿ ಅದರ ಸರದಿ ಊಟಕ್ಕೆ ಮುಂಚೆ. ನಮ್ಮಲ್ಲೊಂದು ಪದ್ಧತಿಯಿದೆ: ಅರ್ಜಿ ನಮ್ಮವರದಾದರೆ ನಾವು ಎದ್ದು ಹೊರಗೆ ಹೋಗಬೇಕು. ನಮ್ಮವರು ಅಂದರೆ ಯಾರು ಎಂಬುದೂ ಬರೆದಿಟ್ಟದ್ದೇ. ರಕ್ತ ಸಂಬಂಧಿ, ಶಿಷ್ಯರು, ಜೊತೆಗೆ ಪ್ರಬಂಧ ಬರೆದವರು, ಒಂದೇ ಸಂಸ್ಥೆಯವರು. ಮಹಾನಂದಾ ಇದರಲ್ಲಿ ಯಾವುದೂ ಅಲ್ಲ. ಪರದೆಯ ಮೇಲೆ ಚಿಂಚೋಳಿ ಎಂಬ ಹೆಸರು ಬಂದದ್ದೇ ನಾನು ಕುರ್ಚಿ ಹಿಂದೆ ಸರಿಸಿದೆ. ಕಾರ್ಯದರ್ಶಿ ಬಗ್ಗಿ, ‘ಮೇಡಂ, ನೀವು ಹೋಗಬೇಕಾಗಿಲ್ಲ’ ಎಂದು ಪಿಸುಗುಟ್ಟಿದರು. ‘ಇರಲಿ’ ಎಂದು ಎದ್ದೆ.

ಯಾಕೆ ಎದ್ದೆ? ಗೋಡೆಯ ಮೇಲೆ ಬುದ್ಧನ ಪಟ ಇರುವ ನಮ್ಮಂಥ ದಲಿತರ ಮನೆಯಿಂದ ಇಂಥ ಕುರ್ಚಿಗೆ ಬಂದವರ ಕೈಯನ್ನೇ ಜನ ನೋಡುತ್ತಿರುತ್ತಾರೆ, ಯಾರಿಗೆ ಕೊಟ್ಟಳು, ಯಾರಿಗೆ ಬಿಟ್ಟಳು ಎಂದು. ಮಹಾನಂದಾ ನಮ್ಮ ಜಿಲ್ಲೆಯವಳು, ನಮ್ಮ ಜನದವಳು. ಯಾರೂ ಬೊಟ್ಟು ಮಾಡಬಾರದು. ಎಲ್ಲರ ಮುಂದೆ ಎದ್ದು ನಡೆದಾಗ, ಸುಳ್ಳು ಯಾಕೆ ಹೇಳಲಿ, ಒಂದು ಹೆಮ್ಮೆಯೂ ಇತ್ತು.

ಹನ್ನೆರಡು ನಿಮಿಷ ಆ ಫೋಟೋಗಳ ಕೆಳಗೆ ನಿಂತಿದ್ದೆ. ಗೋಪಾಲ್ ಸಿಂಗ್ ಚಹಾ ಕೊಟ್ಟ. ಕುಡಿದೆ. ಅವನು ಬಾಗಿಲು ತೆರೆದ. ಒಳಗೆ ಹೋದಾಗ ಬೇರೆ ಅರ್ಜಿ ನಡೆಯುತ್ತಿತ್ತು.

ಒಳಗೆ ಏನಾಯಿತೆಂದು ನಡಾವಳಿ ಬಂದಾಗ ಓದಿದೆ. ಹಿರಿಯ ಸದಸ್ಯರೊಬ್ಬರು ಕೇಳಿದ್ದರು: ‘ಚಿಂಚೋಳಿ ತಾಲ್ಲೂಕಿನ ತೊಗರಿ ತಳಿಗಳ ಸಮೀಕ್ಷೆ ಎಂದೋ ಪೂರ್ಣಗೊಂಡಿದೆ. ಹೊಸದೇನು ಸಿಗಲು ಸಾಧ್ಯ?’ ಅರ್ಜಿ ತಿರಸ್ಕೃತ. ಅದಕ್ಕೆ ಆಧಾರವೆಂದು ಒಂದು ಹಳೆಯ ವರದಿಯ ಹೆಸರು ಕೊಟ್ಟಿತ್ತು. ಆ ವರದಿ ಬರೆದವಳು ನಾನು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡಿದ ಸಮೀಕ್ಷೆ ಅದು. ಸೇಡಂನಿಂದ ಹೊರಟು ಹಳ್ಳಿ ಹಳ್ಳಿ ಸುತ್ತಿ ಚಂದ್ರಂಪಳ್ಳಿಯ ಜಲಾಶಯದವರೆಗೆ ಹೋಗಿದ್ದೆವು. ಮಳೆ ಹಿಡಿಯಿತು. ಮುಂದಿನ ಹಳ್ಳ ತುಂಬಿ ಬಂದಿತ್ತು, ಜೀಪು ದಾಟುವಂತಿರಲಿಲ್ಲ. ಎರಡು ದಿನ ಕಾದು, ಅದೇ ತಾಲ್ಲೂಕಿನ ಕುಂಚಾವರಂ ಕಡೆಗೆ ಹೋಗದೆ ತಿರುಗಿ ಬಂದೆವು. ಮುಂದೆ ಬರೀ ಕಾಡು, ತೊಗರಿ ಯಾರು ಹಾಕುತ್ತಾರೆ ಎಂದು ನಮಗೆ ನಾವೇ ಹೇಳಿಕೊಂಡೆವು. ವರದಿಯಲ್ಲಿ ‘ತಾಲ್ಲೂಕಿನ ಸಮೀಕ್ಷೆ ಪೂರ್ಣಗೊಂಡಿದೆ’ ಎಂದು ಬರೆದೆ. ಆ ವರದಿಯಿಂದ ನನಗೆ ಹೆಸರು ಬಂತು, ಬಡ್ತಿ ಬಂತು. ಅಂದು ಒಳಗೆ ಕುಳಿತಿದ್ದರೆ ಆ ಹಿರಿಯರಿಗೆ ಒಂದೇ ಮಾತು ಹೇಳಿದರೆ ಸಾಕಿತ್ತು. ಹೇಳುವ ಧೈರ್ಯ ಬರುತ್ತಿತ್ತೋ ಇಲ್ಲವೋ, ಆ ಅನುಮಾನವೂ ನನಗಿದೆ. ನಾನು ಹೊರಗೆ ಹೋದದ್ದು ಪ್ರಾಮಾಣಿಕತೆಯಿಂದ ಎಂದು ಈಗಲೂ ಗಟ್ಟಿಯಾಗಿ ಹೇಳಲಾರೆ.

ವರದಿಯನ್ನು ತಿದ್ದಿ, ಅದನ್ನು ಕಡತದಲ್ಲಿಟ್ಟಿದ್ದ ರಾಷ್ಟ್ರೀಯ ಬೀಜ ಸಂಗ್ರಹಾಲಯಕ್ಕೆ ಪತ್ರ ಬರೆಯಲು ನನಗೆ ಎರಡು ವರ್ಷ ಬೇಕಾಯಿತು. ಕಡತ, ವಿದೇಶ ಪ್ರವಾಸ, ನಾಳೆ ಬರೆದರಾಯಿತು ಎಂಬ ಸೋಮಾರಿತನ. ನಾಚಿಕೆ ಎಂಬುದೇ ಸರಿಯಾದ ಪದ. ಕೊನೆಗೆ ಬರೆದು, ಒಂದು ಪ್ರತಿ ಹಿಡಿದುಕೊಂಡು ಕಳೆದ ಜೂನಿನಲ್ಲಿ ಚಿಂಚೋಳಿಗೆ ಹೋದೆ.

‘ಬರ್ರಿ ಅಕ್ಕೋರೆ, ಕುಂದ್ರಿ’ ಎಂದು ಮಹಾನಂದಾ ಹಿತ್ತಿಲಲ್ಲಿ ಕುರ್ಚಿ ಹಾಕಿದಳು. ಅಲ್ಲಿ ಮಣ್ಣು ತುಂಬಿದ ಹನ್ನೊಂದು ತಟ್ಟೆಗಳಿದ್ದವು. ಬೀಜ ಜೀವ ಹಿಡಿದಿದೆಯೋ ಎಂದು ನೋಡಲು ಊರಿದ್ದಳು. ಮೂರರಲ್ಲಿ ಮೊಳಕೆ ಇತ್ತು. ಎಂಟು ತಟ್ಟೆಗಳಲ್ಲಿ ಬರೀ ಮಣ್ಣು.

‘ಎರ್ರ ಕಂದಿ?’ ಎಂದೆ.

ಅವಳು ಖಾಲಿ ತಟ್ಟೆಯೊಂದನ್ನು ತೋರಿಸಿದಳು. ‘ಮುದುಕಿ ಹೋದ ವರ್ಷ ತೀರಿಕೊಂಡಳ್ರಿ. ಮತ್ತ ಕೇಳಬೇಕಂತ ಹೋಗಿದ್ದೆ. ಮನ್ಯಾಗ ಒಂದ್ ಕಾಳೂ ಇರ್ಲಿಲ್ರಿ.’

ನಾನು ಬಗ್ಗಿ ಆ ಮಣ್ಣನ್ನು ಬೆರಳಿನಿಂದ ಕೆದಕಿದೆ. ಬೀಜ ಮೆತ್ತಗಾಗಿ ಕೊಳೆತಿತ್ತು. ‘ಮಹಾನಂದಾ, ಅವತ್ತು ನಿನ್ನ ಅರ್ಜಿ ಬಂದಾಗ ನಾ ಒಳಗ ಇರ್ಲಿಲ್ಲ. ಎದ್ದು ಹೊರಗ ಹೋಗಿದ್ದೆ.’

‘ಎದಕ್ಕ್ರಿ?’

‘ನೀ ನಮ್ಮಾಕಿ ಅಂತ.’

ಅವಳು ಆ ತಟ್ಟೆಯನ್ನು ಬದಿಗೆ ಸರಿಸಿದಳು. ‘ಹಂಗಂದ್ರ ಯಾರರೆ ಬ್ಯಾರೇದಾಕಿ ಆಗಿದ್ರೆ ಚಲೋ ಇತ್ತೇನ್ರಿ ನಾನು?’

ಪತ್ರದ ಪ್ರತಿಯನ್ನು ಕೊಟ್ಟೆ. ನಮ್ಮ ಸಮೀಕ್ಷೆ ಚಂದ್ರಂಪಳ್ಳಿಗೆ ನಿಂತಿತ್ತು, ಮುಂದಿನದನ್ನು ನಾವು ನೋಡಲಿಲ್ಲ, ಪೂರ್ಣಗೊಂಡಿದೆ ಎಂದದ್ದು ತಪ್ಪು, ಎಂದು ಅದರಲ್ಲಿತ್ತು. ಅವಳು ಎರಡು ಸಲ ಓದಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಒಳಗೆ ಹೋಗಿ ಹೊಸ ಅರ್ಜಿಯ ಕಾಗದಗಳನ್ನು ತಂದಳು.

‘ಮೂರು ಉಳದಾವಲ್ರಿ. ಅವಕ್ಕರೆ ಜೇನು ಬರದಂಗ ಬಲಿ ಕಟ್ಟಬೇಕು. ಈ ಸಲ ನೀವು ಹೊರಗ ಹೋದ್ರೂ ನಡೀತದ್ರಿ. ನಿಮ್ಮ ಪತ್ರ ಒಳಗ ಇರ್ತದ.’

ಅರ್ಜಿಯಲ್ಲಿ ಒಂದು ಅಂಕಣವಿದೆ, ಈ ಚರ್ಚೆಯಿಂದ ದೂರ ಇಡಬೇಕಾದವರು ಎಂದು. ಅರ್ಜಿದಾರರೇ ಹೆಸರು ತುಂಬಬೇಕು. ಮಹಾನಂದಾ ಪೆನ್ನಿನ ಕ್ಯಾಪು ತೆಗೆದು ನನ್ನ ಹೆಸರನ್ನು ಪೂರ್ತಿಯಾಗಿ, ದುಂಡಗೆ ಬರೆದಳು. ಆಮೇಲೆ ತಲೆಯೆತ್ತಿದಳು.

‘ಊರು ಏನ್ ಬರೀಲ್ರಿ ಅಕ್ಕೋರೆ? ದಿಲ್ಲಿನೋ, ವಾಡಿನೋ?’

‘ವಾಡಿ’ ಎಂದೆ.

‘ಸಂಬಂಧ ಅಂತ ಕೇಳ್ಯಾರ್ರಿ.’

ಅವಳೇ ‘ನಮ್ಮವರು’ ಎಂದು ಬರೆದು, ಕಾಗದವನ್ನು ನನ್ನ ಕಡೆ ತಿರುಗಿಸಿದಳು. ದೂರ ಇಡಬೇಕಾದವರ ಸಾಲಿನಲ್ಲಿ ನನ್ನ ಹೆಸರು ಒಂದೇ ಇತ್ತು. ಓದಿ, ಸರಿಯಾಗಿದೆ ಎಂದು ತಲೆಯಾಡಿಸಿದೆ.